ಸೆಕೆಂಡ್ ಹ್ಯಾಂಡ್ ರೂಗರ್ 10/22: ಬೋಲ್ಟ್ ತೆರೆದು ನಿಲ್ಲುತ್ತಿಲ್ಲ, ಎಲ್ಲಿ ನೋಡಬೇಕು?

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾದದ್ದು ಇಷ್ಟು. ಟೆಕ್ಸಸ್‌ನಲ್ಲಿದ್ದೀರಿ, ಗ್ರೀನ್ ಕಾರ್ಡ್ ಇದೆ. ಹಳೆಯ ರೂಗರ್ 10/22 ಒಂದನ್ನು, ಅಂದರೆ .22 ಗುಂಡಿನ ಸೆಮಿ-ಆಟೋಮ್ಯಾಟಿಕ್ ರೈಫಲ್ ಒಂದನ್ನು, ಸ್ಕೋಪ್ (ಗುರಿ ನೋಡುವ ದೂರದರ್ಶಕ) ಸಮೇತ ಕೊಂಡಿದ್ದೀರಿ. ಕೊನೆಯ ಗುಂಡು ಹಾರಿದ ಮೇಲೆ ಬೋಲ್ಟ್ (ಗುಂಡು ಕೂರುವ ಚೇಂಬರನ್ನು ಹಿಂದಿನಿಂದ ಮುಚ್ಚುವ, ಹಿಂದೆ-ಮುಂದೆ ಜಾರುವ ಉಕ್ಕಿನ ತುಂಡು) ಹಿಂದೆ ನಿಲ್ಲದೆ ಬಂದು ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಎಳೆದು ಲಿವರ್ ಒತ್ತಿದರೂ ಹತ್ತರಲ್ಲಿ ಎಂಟು ಸಲ ಹಿಡಿಯುವುದಿಲ್ಲ. ಯಾರೋ ಹೇಳಿದರೆಂದು ಎರಡು ಹೊಸ ಮ್ಯಾಗಜೀನ್ ತಂದಿರಿ, ಏನೂ ಬದಲಾಗಲಿಲ್ಲ. ರೇಂಜ್ ಆಫೀಸರ್ ಕೈಲಿ ಮಾತು ಕೇಳಿ ಬೇಜಾರಾಗಿದ್ದೀರಿ.

ಇದರಲ್ಲಿ ಎರಡು ದೂರುಗಳಿವೆ, ಒಂದು ಮಾತ್ರ ನಿಜವಾದ ದೋಷ. ಕೊನೆಯ ಗುಂಡಿನ ನಂತರ ಬೋಲ್ಟ್ ಮುಚ್ಚಿಕೊಳ್ಳುವುದು 10/22ರ ಹುಟ್ಟುಗುಣ. 1964ರಲ್ಲಿ ಈ ರೈಫಲ್ ಬಂದಾಗಿನಿಂದ ಹಾಗೇ ಇದೆ. ಕೊನೆಯ ಗುಂಡು ಮುಗಿದಾಗ ತಾನೇ ತೆರೆದು ನಿಲ್ಲುವ ರೈಫಲ್‌ಗಳಲ್ಲಿ, ಉದಾಹರಣೆಗೆ ಎಆರ್-15ರಲ್ಲಿ, ಖಾಲಿ ಮ್ಯಾಗಜೀನ್‌ನ ಫಾಲೋವರ್, ಅಂದರೆ ಗುಂಡುಗಳನ್ನು ಕೆಳಗಿನಿಂದ ತಳ್ಳುವ ತುಂಡು, ಮೇಲೆ ಬಂದು ಬೋಲ್ಟ್ ತಡೆಯುವ ಕೊಕ್ಕೆಯನ್ನು (ಬೋಲ್ಟ್ ಕ್ಯಾಚ್) ಎತ್ತುತ್ತದೆ. ಅಲ್ಲಿ ಬೋಲ್ಟ್ ನಿಲ್ಲದಿದ್ದರೆ ಮೊದಲು ಮ್ಯಾಗಜೀನ್ ಮೇಲೆ ಅನುಮಾನ ಪಡುವುದು ಸರಿ. 10/22ರ ಹತ್ತು ಗುಂಡಿನ ರೋಟರಿ ಮ್ಯಾಗಜೀನ್‌ಗೂ ಬೋಲ್ಟ್ ಲಾಕ್‌ಗೂ ಸಂಬಂಧವೇ ಇಲ್ಲ. ನಿಮಗೆ ಸಲಹೆ ಕೊಟ್ಟವರು ಬೇರೆ ರೈಫಲ್‌ನ ಔಷಧಿ ಕೊಟ್ಟಿದ್ದಾರೆ. ಮ್ಯಾಗಜೀನ್‌ಗಳು ವ್ಯರ್ಥವೇನಲ್ಲ, ಇಟ್ಟುಕೊಳ್ಳಿ.

ಎರಡನೆಯದು, ಕೈಯಲ್ಲಿ ಲಾಕ್ ಮಾಡಿದರೂ ನಿಲ್ಲದಿರುವುದು, ನಿಜವಾದ ತೊಂದರೆ. ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾನು ಸೋಮವಾರಪೇಟೆ ಕಡೆಯವನು. ನಮ್ಮ ಮನೆಯಲ್ಲಿ ಒಂಟಿ ನಳಿಗೆ ತೋಟೆ ಕೋವಿ ಇತ್ತು. ತೋಟದಿಂದ ಬರುವಾಗ ದೊಡ್ಡಪ್ಪ ಅದನ್ನು ಮುರಿದು, ನಳಿಗೆ ಬಾಗಿಸಿ ತೋಳಿನ ಮೇಲೆ ಹಾಕಿಕೊಂಡೇ ಅಂಗಳಕ್ಕೆ ಕಾಲಿಡುತ್ತಿದ್ದರು. ಎದುರಿಗೆ ಬಂದವರಿಗೆ ಕೇಳದೆಯೇ ತಿಳಿಯಬೇಕು, ಒಳಗೆ ತೋಟೆ ಇಲ್ಲ ಅಂತ. ರೇಂಜ್‌ನಲ್ಲಿ ಬೋಲ್ಟ್ ತೆರೆದಿಡುವುದೂ ಅದೇ ಮಾತು. ನೀವು ಟಾರ್ಗೆಟ್ ಬದಲಿಸಲು ಮುಂದೆ ನಡೆದಿರುವಾಗ ಬೆಂಚಿನ ಮೇಲಿರುವ ರೈಫಲ್ ಮುಚ್ಚಿಕೊಂಡಿದ್ದರೆ, ಪಕ್ಕದವನಿಗೆ ನಿಮ್ಮ ಮೇಲೆ ನಂಬಿಕೆ ಇರುವುದಿಲ್ಲ, ಇರಲೂಬಾರದು. ರಿಪೇರಿ ಮುಗಿಯುವ ತನಕ ಒಂದು ಚೇಂಬರ್ ಫ್ಲ್ಯಾಗ್ ಕೊಳ್ಳಿ, ಕಿತ್ತಳೆ ಅಥವಾ ಹಳದಿ ಪ್ಲಾಸ್ಟಿಕ್ ತುಂಡು ಅಷ್ಟೇ. ಬೋಲ್ಟ್ ಅದನ್ನು ಕಚ್ಚಿಕೊಂಡು ಅರೆತೆರೆದು ನಿಲ್ಲುತ್ತದೆ.

ಇದನ್ನು ಓದುವ ಬೇರೆ ಕನ್ನಡಿಗರಿಗೆ ನಡುವೆ ಒಂದು ಮಾತು. ನಿಮಗೆ ಗ್ರೀನ್ ಕಾರ್ಡ್ ಇರುವುದರಿಂದ ತೊಂದರೆಯಿಲ್ಲ. ಆದರೆ ಎಚ್-1ಬಿ ಅಥವಾ ಎಫ್-1 ತರಹದ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಲೈಸನ್ಸ್ ಇದ್ದವರಿಗೆ ಕೊಟ್ಟಿರುವಂಥ ಕೆಲವು ವಿನಾಯಿತಿಗಳಿವೆ. ಗೆಳೆಯನ ರೈಫಲ್ ನೋಡಿ ಆಸೆಯಾಗಿ ಕೊಳ್ಳುವ ಮೊದಲು ವಕೀಲರನ್ನು ಕೇಳಿ. ವೀಸಾ ಕಳೆದುಕೊಳ್ಳುವಂಥ ವಿಷಯ ಇದು.

ಈಗ ನಿಮ್ಮ ರೈಫಲ್. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಮ್ಯಾಗಜೀನ್ ತೆಗೆಯಿರಿ, ಬೋಲ್ಟ್ ಎಳೆದು ಚೇಂಬರ್ ಒಳಗೆ ಕಣ್ಣಲ್ಲಿ ನೋಡಿ, ಕಿರುಬೆರಳಲ್ಲಿ ಮುಟ್ಟಿಯೂ ನೋಡಿ. ಇಷ್ಟಾದ ಮೇಲೆಯೇ ಮುಂದಿನದು.

ಲಾಕ್ ಮಾಡುವ ಕ್ರಮ ಸರಿಯಿದೆಯೇ ಎಂದು ಮೊದಲು ನೋಡಿಕೊಳ್ಳಿ, ಏಕೆಂದರೆ ಹಳೆಯ ಮಾದರಿಯ ಈ ಲಾಕ್ ಹೊಸಬರಿಗೆ ಸುಲಭವಾಗಿ ಒಲಿಯುವುದಿಲ್ಲ. ಟ್ರಿಗರ್ ಗಾರ್ಡ್‌ನ ಮುಂದುಗಡೆ, ಮ್ಯಾಗಜೀನ್‌ನ ಹಿಂದೆ, ತೆಳ್ಳಗಿನ ಉಕ್ಕಿನ ತಗಡಿನ ಅಂಚೊಂದು ಕಾಣುತ್ತದೆ, ನೀವು ಹೇಳಿದ ಲಿವರ್ ಇದೇ. ಬೋಲ್ಟ್ ಅನ್ನು ಪೂರ್ತಿ ಹಿಂದಕ್ಕೆ ಎಳೆದು ಹಿಡಿಯಿರಿ. ಆ ತಗಡಿನ ಕೆಳಭಾಗವನ್ನು ಒಳಕ್ಕೆ ಒತ್ತಿ. ಒತ್ತಿ ಹಿಡಿದಿರುವಾಗಲೇ ಹಿಡಿಕೆಯನ್ನು ನಿಧಾನ ಮುಂದೆ ಬಿಡಿ. ಬೋಲ್ಟ್ ತಡೆಗೆ ಬಂದು ಕೂತದ್ದು ಕೈಗೆ ಗೊತ್ತಾದ ಮೇಲೆ ಮಾತ್ರ ಬೆರಳು ತೆಗೆಯಿರಿ. ಅಲ್ಲಿಂದ ಮುಂದೆ ಬೋಲ್ಟ್ ಸ್ಪ್ರಿಂಗ್‌ನ ಒತ್ತಡವೇ ಲಾಕ್ ಅನ್ನು ಹಿಡಿದಿಡುತ್ತದೆ. ಬೆರಳನ್ನು ಅರ್ಧ ಕ್ಷಣ ಮೊದಲು ತೆಗೆದರೆ ತಗಡು ಜಾರಿ ಬಿದ್ದು ಬೋಲ್ಟ್ ಧಡಾರನೆ ಮುಚ್ಚುತ್ತದೆ. ಬಿಡಿಸುವಾಗ ಬೋಲ್ಟ್ ಸ್ವಲ್ಪ ಹಿಂದಕ್ಕೆಳೆದು ಅದೇ ತಗಡಿನ ಮೇಲ್ಭಾಗ ಒತ್ತಬೇಕು. ಹೀಗೆ ಇಪ್ಪತ್ತು ಸಲ ಮಾಡಿ. ಇಪ್ಪತ್ತೂ ಸಲ ನಿಂತರೆ ನಿಮ್ಮ ಕೈ ಪಳಗಿತು, ರೈಫಲ್‌ಗೆ ಏನೂ ಆಗಿಲ್ಲ.

ನಿಲ್ಲಲಿಲ್ಲವೇ? ಹಾಗಾದರೆ ಒಂದು ಪ್ರಶ್ನೆಗೆ ಉತ್ತರ ಹುಡುಕಿ: ಬೋಲ್ಟ್ ಪೂರ್ತಿ ಹಿಂದೆ ಹೋಗುತ್ತಿದೆಯೇ ಇಲ್ಲವೇ? ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿದೆ. ಸರಿಯಿರುವ 10/22ರಲ್ಲಿ ಎಳೆತದ ಕೊನೆಗೆ ಉಕ್ಕಿಗೆ ಉಕ್ಕು ತಾಗಿದ ಸ್ಪಷ್ಟ 'ಟಕ್' ಸಿಗುತ್ತದೆ. ರಿಸೀವರ್ (ಬೋಲ್ಟ್ ಓಡಾಡುವ ರೈಫಲ್‌ನ ಮೈ) ಹಿಂಭಾಗದಲ್ಲಿರುವ ಬೋಲ್ಟ್ ಸ್ಟಾಪ್ ಪಿನ್‌ಗೆ ಬೋಲ್ಟ್ ಮುಟ್ಟುವ ಸದ್ದು ಅದು. ಬದಲಿಗೆ ಉಜ್ಜಿದ ಹಾಗೆ, ಅಂಟಿದ ಹಾಗೆ, ಅಥವಾ ಮೆತ್ತಗೆ ನಿಂತ ಹಾಗೆ ಅನಿಸಿದರೆ ಬೋಲ್ಟ್ ದಾರಿಯಲ್ಲಿ ಏನೋ ಅಡ್ಡವಿದೆ.

ನಿಮ್ಮ ರೈಫಲ್ ಮೇಲೆ ಸ್ಕೋಪ್ ಇದೆ ಎಂದು ಓದಿದ ತಕ್ಷಣ ನನಗೆ ನನ್ನದೇ ನೆನಪಾಯಿತು. ಓಹಾಯೋದಲ್ಲಿ ನಾನು ಕೊಂಡ 10/22 ಕೂಡ ಸ್ಕೋಪ್ ಸಮೇತವೇ ಬಂದಿತ್ತು, ಅದೂ ಹೀಗೇ ಸತಾಯಿಸುತ್ತಿತ್ತು. ಲಾಕ್ ತಗಡು ಬದಲಿಸಿದೆ, ಸ್ಪ್ರಿಂಗ್ ಬದಲಿಸಿದೆ, ಎರಡು ವಾರಾಂತ್ಯ ಕಳೆದೆ. ಕೊನೆಗೆ ಬೋಲ್ಟ್ ಹೊರಗೆ ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಅದರ ಬೆನ್ನ ಮೇಲೆ ಕೂದಲೆಳೆಯಷ್ಟು ಸಣ್ಣ ಹೊಳೆಯುವ ಗೀರು ಕಂಡಿತು, ಉದ್ದಕ್ಕೂ ನೇರವಾಗಿ, ಒಂದು ಕಡೆ ಥಟ್ಟನೆ ನಿಂತಿತ್ತು. ರಿಸೀವರ್ ಒಳಗೆ ಬೆರಳಾಡಿಸಿದರೆ ಮೇಲುಗಡೆಯಿಂದ ಸ್ಕ್ರೂ ಒಂದರ ತುದಿ ಚುಚ್ಚಿತು. 10/22ರ ರಿಸೀವರ್ ಮೇಲ್ಭಾಗದಲ್ಲಿ ಸ್ಕೋಪ್ ಬೇಸ್ (ಸ್ಕೋಪ್ ಕೂರುವ ಪಟ್ಟಿ) ಕೂರಿಸಲು ಸ್ಕ್ರೂ ಎಳೆ ಕೊರೆದ ನಾಲ್ಕು ರಂಧ್ರಗಳಿವೆ. ಅವು ಒಳಗಿನವರೆಗೂ ತೂರಿ ಹೋಗುತ್ತವೆ, ಮತ್ತು ಅಲ್ಲಿನ ಅಲ್ಯೂಮಿನಿಯಂ ದಪ್ಪವೇನಲ್ಲ. ಹಿಂದಿನ ಮಾಲೀಕ ಬೇರೆ ಬೇಸ್‌ನ ಉದ್ದ ಸ್ಕ್ರೂ ಹಾಕಿದ್ದ. ಗುಂಡು ಹಾರಿಸುವಾಗ ಬೋಲ್ಟ್ ವೇಗಕ್ಕೆ ಹೇಗೋ ಉಜ್ಜಿಕೊಂಡು ಹೋಗಿ ಬರುತ್ತಿತ್ತು. ಕೈಯಲ್ಲಿ ನಿಧಾನವಾಗಿ ಎಳೆದಾಗ ಅಲ್ಲೇ ತಡೆಯುತ್ತಿತ್ತು, ಲಾಕ್ ತಗಡು ಏಳುವಷ್ಟು ಜಾಗವೇ ಸಿಗುತ್ತಿರಲಿಲ್ಲ. ಸ್ಕ್ರೂ ಬದಲಿಸಿದ ದಿನದಿಂದ ಇಂದಿನವರೆಗೆ ಒಮ್ಮೆಯೂ ಕೈಕೊಟ್ಟಿಲ್ಲ.

ಆದ್ದರಿಂದ ಏನನ್ನೂ ಬಿಚ್ಚುವ ಮೊದಲು ಸ್ಕೋಪ್ ಬೇಸ್‌ನ ಸ್ಕ್ರೂಗಳನ್ನು ತೆಗೆದು ಬೋಲ್ಟ್ ಎಳೆದು ನೋಡಿ. ಹತ್ತು ನಿಮಿಷದ ಕೆಲಸ. ಸ್ಕೋಪ್ ಮತ್ತೆ ಜೀರೋ ಮಾಡಬೇಕಾಗುತ್ತದೆ, ಅಂದರೆ ಗುರಿಗೆ ಹೊಂದಿಸಬೇಕಾಗುತ್ತದೆ, ಮಾಡಿದರಾಯಿತು.

ಸ್ಕ್ರೂ ನಿರ್ದೋಷಿ ಎಂದಾದರೆ ರೈಫಲ್ ಅನ್ನು ಅದು ಕೂತಿರುವ ಮರದ ಹಿಡಿಯಿಂದ (ಸ್ಟಾಕ್) ಹೊರಗೆ ತೆಗೆಯಿರಿ. ನಳಿಗೆಯನ್ನು ಸ್ಟಾಕ್‌ಗೆ ಹಿಡಿದಿಡುವ ಮುಂದಿನ ಬ್ಯಾರಲ್ ಬ್ಯಾಂಡ್ ಸಡಿಲಿಸಿ, ಮ್ಯಾಗಜೀನ್ ಮುಂದಿರುವ ದೊಡ್ಡ ಸ್ಕ್ರೂ ಬಿಚ್ಚಿ. ಸೇಫ್ಟಿ ಗುಂಡಿಯನ್ನು ಆ ಕಡೆಯೂ ಅಲ್ಲ, ಈ ಕಡೆಯೂ ಅಲ್ಲ, ಸರಿಯಾಗಿ ನಡುವೆ ನಿಲ್ಲಿಸಿ. ಇಲ್ಲದಿದ್ದರೆ ಅದು ಸ್ಟಾಕ್‌ಗೆ ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಮರ ಸೀಳುತ್ತದೆ. ಹೊರಗೆ ಬಂದ ಮೇಲೆ ಇನ್ನೇನೂ ಬಿಚ್ಚದೆ ಮತ್ತೊಮ್ಮೆ ಲಾಕ್ ಮಾಡಿ ನೋಡಿ. ಈಗ ಚೆನ್ನಾಗಿ ನಿಂತರೆ ತಪ್ಪು ಸ್ಟಾಕ್‌ನದು. ಹಿಂದಿನವರು ಬೇರೆ ಕಂಪನಿಯ ಸ್ಟಾಕ್ ಹಾಕಿದ್ದರೆ ಲಿವರ್ ಅದರ ಒಳಗೋಡೆಗೆ ತಾಗುತ್ತಿರಬಹುದು. ತಾಗುವ ಜಾಗದಲ್ಲಿ ಮರ ಅಥವಾ ಪ್ಲಾಸ್ಟಿಕ್ ಹೊಳಪಾಗಿರುತ್ತದೆ. ಅಷ್ಟನ್ನೇ ಮರಳು ಕಾಗದದಿಂದ ಉಜ್ಜಿ.

ಹೊರಗೂ ನಿಲ್ಲದಿದ್ದರೆ ಟ್ರಿಗರ್ ಭಾಗ. ಹ್ಯಾಮರ್ (ಒಳಗೆ ಹೊಡೆಯುವ ಸುತ್ತಿಗೆ) ಹಿಂದಕ್ಕೆ ಹೋಗಿ ಸಜ್ಜಾಗಿರಲಿ, ಎರಡು ಅಡ್ಡ ಪಿನ್‌ಗಳನ್ನು ತಳ್ಳಿದರೆ ಇಡೀ ಟ್ರಿಗರ್ ಪೆಟ್ಟಿಗೆ ಕೈಗೆ ಬರುತ್ತದೆ. ಕೆಳಗೆ ಬಟ್ಟೆ ಹಾಸಿರಿ. ಹಿಂದಿನ ಬೋಲ್ಟ್ ಸ್ಟಾಪ್ ಪಿನ್ ಸಡಿಲವಾಗಿಯೇ ಕೂತಿರುತ್ತದೆ, ಗೊತ್ತಾಗದೆ ಉರುಳಿಹೋಗುತ್ತದೆ. ಅದರ ಬದಲು ಯಾರಾದರೂ ಮೆತ್ತನೆಯ ಬಫರ್ ಹಾಕಿದ್ದರೆ, ಅದು ಊದಿಕೊಂಡಿದೆಯೇ ನೋಡಿ. ಊದಿದ್ದರೆ ಬೋಲ್ಟ್‌ನ ಓಟ ಅಷ್ಟು ಗಿಡ್ಡವಾಗುತ್ತದೆ.

ಪೆಟ್ಟಿಗೆಯಲ್ಲಿ ಎಜೆಕ್ಟರ್ (ಖಾಲಿ ತೋಟೆಯನ್ನು ಹೊರಗೆ ಎಸೆಯುವ ತುಂಡು) ಪಕ್ಕ ಬೋಲ್ಟ್ ಲಾಕ್ ತಗಡು ಕಾಣುತ್ತದೆ. ನನ್ನ ಅಂದಾಜಿನಲ್ಲಿ ಹಳೆಯ 10/22ಗಳ ಅರ್ಧ ಜಡ್ಡು ಈ ಸಂದಿಯಲ್ಲೇ ಇರುತ್ತದೆ. .22ರ ಸೀಸದ ಗುಂಡಿಗೆ ಮೇಣ, ಗ್ರೀಸ್ ಸವರಿರುತ್ತಾರೆ. ಅದು ಮಸಿಯ ಜೊತೆ ಸೇರಿ ಕಾಡಿಗೆಯಂಥ ಕರಿ ಜಿಡ್ಡಾಗಿ ಒಳಗೆ ಕೂರುತ್ತದೆ. ಅದರ ಮೇಲೆ ವರ್ಷಗಟ್ಟಲೆ ಎಣ್ಣೆ ಸುರಿದಿದ್ದರೆ ಒಣಗಿ ಅರಗಿನಂತಾಗಿರುತ್ತದೆ. ತಗಡನ್ನು ಬೆರಳಲ್ಲಿ ಆಡಿಸಿ. ತಾನಾಗಿ ಹಿಂದಿರುಗಬೇಕು, ಸೋಮಾರಿಯಾಗಿ ಅಲ್ಲಲ್ಲೇ ನಿಲ್ಲಬಾರದು. ಮಿನರಲ್ ಸ್ಪಿರಿಟ್ಸ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಪೆಟ್ಟಿಗೆ ಪ್ಲಾಸ್ಟಿಕ್‌ನದಾಗಿದ್ದರೆ ಅಸಿಟೋನ್, ಬ್ರೇಕ್ ಕ್ಲೀನರ್ ಹತ್ತಿರಕ್ಕೂ ತರಬೇಡಿ. ಒಣಗಿದ ಮೇಲೆ ತೆಳು ಎಣ್ಣೆ ಒಂದೇ ಹನಿ.

ಇಷ್ಟಾದರೂ ಹಿಡಿಯದಿದ್ದರೆ ತಗಡನ್ನೇ ಸಂಶಯಿಸಿ. ಅದರ ರಂಧ್ರವೊಂದು ಪೂರ್ತಿ ದುಂಡಗಿಲ್ಲ, ಒಂದು ಮೂಲೆ ಇರುತ್ತದೆ. ಬೋಲ್ಟ್ ಎಳೆದರೆ ಸಾಕು, ಲಾಕ್ ತಾನೇ ಬಿಟ್ಟುಕೊಳ್ಳಲಿ ಎಂದು ಜನ ಆ ಮೂಲೆಯನ್ನು ಅರದಿಂದ ಉಜ್ಜಿ ತೆಗೆಯುತ್ತಾರೆ. ಅಳತೆ ಮೀರಿ ಉಜ್ಜಿದರೆ ಲಾಕ್ ಹಿಡಿಯುವುದನ್ನೇ ಮರೆಯುತ್ತದೆ. ಅರದ ಗೀರುಗಳು ಮಸೂರದ ಕೆಳಗೆ ಅಡ್ಡಡ್ಡವಾಗಿ ಕಾಣುತ್ತವೆ, ಕಾರ್ಖಾನೆಯ ಅಂಚು ಹಾಗಿರುವುದಿಲ್ಲ. ಬೋಲ್ಟ್ ತಾಗುವ ತುದಿ ದುಂಡಗೆ ಸವೆದಿದ್ದರೂ ಇದೇ ಗತಿ. ಸವೆದ ತುದಿಯನ್ನು ಮತ್ತೆ ಉಜ್ಜಿ ಚೂಪು ಮಾಡಲು ಹೋಗಬೇಡಿ, ಹೊಸ ತಗಡು ಹಾಕಿ. ದುಬಾರಿಯೇನಲ್ಲ. ಅದನ್ನು ಬದಲಿಸಲು ಪೆಟ್ಟಿಗೆಯ ಒಳ ಪಿನ್‌ಗಳನ್ನು ತೆಗೆಯಬೇಕು, ಸಣ್ಣ ಸ್ಪ್ರಿಂಗ್‌ಗಳು ಚಿಮ್ಮುತ್ತವೆ. ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಮಾಡಿ, ಪ್ರತಿ ಹಂತದ ಫೋಟೋ ತೆಗೆದಿಟ್ಟುಕೊಳ್ಳಿ. ಹ್ಯಾಮರ್, ಮತ್ತು ಅದನ್ನು ಟ್ರಿಗರ್ ಒತ್ತುವವರೆಗೆ ತಡೆದಿಡುವ ಸಿಯರ್, ಇವುಗಳ ಅಂಚುಗಳಿಗೆ ಕೈ ಹಾಕಬೇಡಿ. ಜೋಡಿಸುವಾಗ ಅನುಮಾನ ಬಂದರೆ ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಹತ್ತಿರ ಒಯ್ಯಿರಿ.

ನಿಮ್ಮ ವಿವರಣೆಯಲ್ಲಿ 'ಹತ್ತರಲ್ಲಿ ಎರಡು ಸಲ ನಿಲ್ಲುತ್ತದೆ' ಎಂಬ ಮಾತು ನನಗೆ ಮುಖ್ಯವಾಗಿ ಕಂಡಿತು. ತಗಡು ಪೂರ್ತಿ ಕೆಟ್ಟಿದ್ದರೆ ಎರಡು ಸಲವೂ ನಿಲ್ಲುವುದು ಕಷ್ಟ. ಹಾಗಾಗಿ ನನ್ನ ಅನುಮಾನ ಮೊದಲು ಸ್ಕ್ರೂ ಮೇಲೆ, ಆಮೇಲೆ ಜಿಡ್ಡಿನ ಮೇಲೆ. ಸ್ಕೋಪ್ ಬಿಚ್ಚಿ ಎಳೆದಾಗ ಆ 'ಟಕ್' ಸಿಕ್ಕಿತೇ ಇಲ್ಲವೇ ಎಂದು ಕೆಳಗೆ ಬರೆಯಿರಿ. ಸಿಗದಿದ್ದರೆ ಬೋಲ್ಟ್ ಬೆನ್ನಿನ ಫೋಟೋ ಒಂದನ್ನು ಓರೆ ಬೆಳಕಿನಲ್ಲಿ ತೆಗೆದು ಹಾಕಿ, ನೋಡಿ ಹೇಳುತ್ತೇನೆ.