ಕರೆಂಟು ಹೋದರೆ ಕಂಪೈಲ್ ಮೊದಲಿನಿಂದ ಮಾಡಬೇಕೇ?

ಮೂಡಿಗೆರೆಯ ಮಳೆಗೆ ಕರೆಂಟು ಹೋಗಿ, ಮೂರು ಗಂಟೆ ಓಡಿದ್ದ ಕಂಪೈಲ್ (ಮೂಲ ಕೋಡನ್ನು ಓಡಬಲ್ಲ ಪ್ರೋಗ್ರಾಮಾಗಿ ಬದಲಿಸುವ ಕೆಲಸ) ಅರ್ಧಕ್ಕೆ ನಿಂತಿತು, ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಈವರೆಗೆ ತಯಾರಾದದ್ದನ್ನೆಲ್ಲ ಅಳಿಸುವ ‘ಮೇಕ್ ಕ್ಲೀನ್’ ಆಜ್ಞೆ ಕೊಡಬೇಡಿ! ಅದೇ ಫೋಲ್ಡರಿನಲ್ಲಿ ಬರೀ ‘ಮೇಕ್’ ಎಂದು ಟೈಪ್ ಮಾಡಿದರೆ ಸಾಕು. 1976ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟುವರ್ಟ್ ಫೆಲ್ಡ್‌ಮನ್ ಬರೆದ ಈ ಉಪಕರಣದ ಜಾಣತನವೇ ಅದು: ಮೂಲ ಕಡತಕ್ಕಿಂತ ಅದರಿಂದ ತಯಾರಾದ ಆಬ್ಜೆಕ್ಟ್ ಕಡತ ಹೊಸದಾಗಿದ್ದರೆ ಅದನ್ನು ಮುಟ್ಟದೆ ಮುಂದಿನದಕ್ಕೆ ಹೋಗುತ್ತದೆ.

ಅಪಾಯವಿರುವುದು ಕರೆಂಟು ಹೋದ ಕ್ಷಣದಲ್ಲಿ ಬರೆಯುತ್ತಿದ್ದ ಕಡತದಲ್ಲಿ. ಅದು ಅರೆಬರೆಯಾಗಿದ್ದರೂ ದಿನಾಂಕ ಹೊಸದು, ಹಾಗಾಗಿ ಮೇಕ್ ನಂಬಿಬಿಡುತ್ತದೆ. ಮೇಕ್ ಓಡಿಸುವ ಮೊದಲು, ಸೊನ್ನೆ ಬೈಟ್ ತೋರಿಸುವ ‘ಡಾಟ್ ಓ’ (ಆಬ್ಜೆಕ್ಟ್) ಕಡತಗಳನ್ನೂ ಕರೆಂಟು ಹೋಗುವ ಮುಂಚಿನ ಐದು ನಿಮಿಷದಲ್ಲಿ ಹುಟ್ಟಿದವನ್ನೂ ಅಳಿಸಿ.

ಗಡಿಯಾರವನ್ನೂ ನೋಡಿಕೊಳ್ಳಿ. ಹಾಸನದ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿತ್ತು; ಕರೆಂಟು ಬಂದಾಗ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಸರಿದು, ಕಡತಗಳ ದಿನಾಂಕ ಗಡಿಯಾರಕ್ಕಿಂತ ಮುಂದಿದೆ ಎನ್ನುವ ‘ಕ್ಲಾಕ್ ಸ್ಕ್ಯೂ’ ಎಚ್ಚರಿಕೆ ಸಾಲುಸಾಲಾಗಿ ಬಂತು. ದಿನಾಂಕ ಸರಿಪಡಿಸಿದ ಮೇಲೆಯೇ ಮೇಕ್ ಓಡಿಸಿ.

ಕಂಪ್ಯೂಟರಿನಲ್ಲಿ 2 ಜಿಬಿ ಮೆಮೊರಿ ಮಾತ್ರ ಇದ್ದರೆ, ಒಂದೇ ಸಲ ನಾಲ್ಕು ಕೆಲಸ ನಡೆಸುವ ‘ಮೇಕ್ -ಜೆ4’ ಭಾರವಾಗುತ್ತದೆ, ಒಂದೊಂದೇ ನಡೆಸುವ ‘-ಜೆ1’ ಇರಲಿ. ಮೆಮೊರಿ ಸಾಲದಿದ್ದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಕಂಪೈಲರನ್ನೇ ಕೊಂದುಬಿಡುತ್ತದೆ.