ಬೆಕ್ಕಿನ ಗದ್ದದ ಕರಿ ಚುಕ್ಕೆ: ಮೊದಲು ಬಟ್ಟಲು ಬದಲಿಸಿ

ನಿಮ್ಮ ಬೆಕ್ಕು ಹಳೇ ಪ್ಲಾಸ್ಟಿಕ್ ಬಟ್ಟಲಲ್ಲಿ ತಿನ್ನುತ್ತದೆ, ಅದರ ಗದ್ದದ ಮೇಲೆ ಕಾಫಿಪುಡಿ ಉದುರಿದ ಹಾಗೆ ಕರಿ ಚುಕ್ಕೆ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಾರಣ ಬಹುಶಃ ಆ ಬಟ್ಟಲೇ. ಗೀರು ಬಿದ್ದ ಪ್ಲಾಸ್ಟಿಕ್‌ನಲ್ಲಿ ಜಿಡ್ಡು, ಬ್ಯಾಕ್ಟೀರಿಯಾ ಕೂತುಬಿಡುತ್ತವೆ. ಎಷ್ಟು ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ತಿನ್ನುವಾಗೆಲ್ಲ ಅದು ಗದ್ದಕ್ಕೆ ತಾಗುತ್ತದೆ.

ಇವತ್ತೇ ಆ ಬಟ್ಟಲನ್ನು ತೆಗೆದುಬಿಡಿ. ಊಟಕ್ಕೂ ನೀರಿಗೂ ಸ್ಟೀಲ್ ಅಥವಾ ಗಾಜಿನ ಅಗಲವಾದ ಬಟ್ಟಲು ಇಡಿ. ನಾವು ಊಟಕ್ಕೆ ಬಳಸುವ ಸ್ಟೀಲೇ ಸಾಕು, ಜಾಸ್ತಿ ಖರ್ಚು ಬೇಡ. ಪಿಂಗಾಣಿಯಾದರೆ ಊಟಕ್ಕೆಂದೇ ಮಾಡಿದ್ದು ಇರಲಿ. ಅಲಂಕಾರದ ಪಾತ್ರೆಗಳ ಹೊಳಪಿನಲ್ಲಿ ಸೀಸ ಇರಬಹುದು; ಬಿರುಕು ಬಿಟ್ಟದ್ದಂತೂ ಬೇಡವೇ ಬೇಡ. ದಿನಾ ಪಾತ್ರೆ ಸೋಪು ಹಾಕಿ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ. ಫಿನಾಯಿಲ್ ಮಾತ್ರ ಹತ್ತಿರಕ್ಕೂ ತರಬೇಡಿ, ಬೆಕ್ಕಿಗೆ ಅದು ವಿಷ.

ಗದ್ದವನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಚುಕ್ಕೆ ಚಿವುಟಬೇಡಿ. ನಮ್ಮ ಮೊಡವೆ ಕ್ರೀಮ್, ಟೀ ಟ್ರೀ ಎಣ್ಣೆ ಹಚ್ಚಬೇಡಿ, ಬೆಕ್ಕು ನೆಕ್ಕಿಬಿಡುತ್ತದೆ.

ಅಲರ್ಜಿ, ಫಂಗಸ್‌ನಿಂದಲೂ ಹೀಗಾಗಬಹುದು, ಬರೀ ವಿವರಣೆ ಓದಿ ಖಚಿತವಾಗಿ ಹೇಳಲಾಗದು. ಎರಡು ಮೂರು ವಾರದಲ್ಲಿ ಕಮ್ಮಿಯಾಗದಿದ್ದರೆ ಪಶುವೈದ್ಯರಿಗೆ ತೋರಿಸಿ. ಊದಿಕೊಂಡರೆ, ಕೀವು ಕಂಡರೆ ಅಷ್ಟು ದಿನ ಕಾಯಲೇಬೇಡಿ.