ಸುಲಿದ ಗೋಡೆಚಿತ್ರ ಯಾರ ತಪ್ಪು?

ಮಾನ್ಯರೇ,

ಸಾರ್ವಜನಿಕ ಕಲೆ ಕುರಿತ ನಮ್ಮ ಲೇಖನ ಓದಿ ನೀವು ಮೂರು ಪ್ರಶ್ನೆ ಎತ್ತಿದ್ದೀರಿ. ನಗರಾಡಳಿತ ಚಿತ್ರ ಬರೆಸಿದರೆ ಕಲಾವಿದರ ಕೈಗೆ ನಿಜಕ್ಕೂ ಎಷ್ಟು ಉಳಿಯುತ್ತದೆ? ಅಲ್ಲಿನ ನಿವಾಸಿಗಳಿಗೆ ಉದ್ಘಾಟನೆಯ ದಿನ ಚಪ್ಪಾಳೆ ತಟ್ಟುವುದಲ್ಲದೆ ಬೇರೇನು ಪಾಲಿದೆ? ಎರಡೇ ವರ್ಷಕ್ಕೆ ಬಣ್ಣ ಸುಲಿದರೆ ತಪ್ಪು ಯಾರದು? ಮೂರಕ್ಕೂ ಉತ್ತರ ಹುಡುಕಬೇಕಾದದ್ದು ಕುಂಚ ಎತ್ತುವ ಮೊದಲೇ ಸಹಿಯಾಗುವ ಕರಾರಿನಲ್ಲಿ.

ಹಣದ ಮೂಲದ ಬಗ್ಗೆ ಒಂದೆರಡು ಮಾತು. ಸಾರ್ವಜನಿಕ ಕಾಮಗಾರಿಯ ವೆಚ್ಚದಲ್ಲಿ ಶೇಕಡಾ 1ರಷ್ಟನ್ನು ಕಲೆಗೆ ಎತ್ತಿಡುವ ಕ್ರಮವನ್ನು ಅಮೆರಿಕದ ಫಿಲಡೆಲ್ಫಿಯಾ 1959ರಲ್ಲಿ, ಸಿಯಾಟಲ್ 1973ರಲ್ಲಿ ಜಾರಿಗೆ ತಂದವು. ಹೀಗೆ ಮಾಡಿದರೆ ಪ್ರತಿ ಬಜೆಟ್ಟಿಗೂ ಯಾರದೋ ಕೈಕಾಲು ಹಿಡಿಯಬೇಕಿಲ್ಲ. ಆದರೆ ದುಡ್ಡು ಕಟ್ಟಡದ ಬೆನ್ನಿಗೆ ಅಂಟಿಕೊಂಡರೆ ಹೊಸ ಕಟ್ಟಡ ಕಾಣದ ಬಡಾವಣೆಗೆ ಕಾಸೂ ಬಾರದು. ಎಲ್ಲವನ್ನೂ ಒಂದು ನಿಧಿಗೆ ಸೇರಿಸಿ ಹಂಚುವುದೇ ಮೇಲು.

ಇನ್ನು ಆಯ್ಕೆ. ‘ವಿನ್ಯಾಸದ ಸಮೇತ ಅರ್ಜಿ ಹಾಕಿ’ ಎಂದು ಎಲ್ಲರನ್ನೂ ಕರೆದರೆ ನೂರು ಜನ ಪುಕ್ಕಟೆ ದುಡಿದು ತೊಂಬತ್ತೊಂಬತ್ತು ಜನ ಬರಿಗೈಲಿ ಮನೆಗೆ ಹೋಗುತ್ತಾರೆ. ಇದನ್ನು ಪ್ರೋತ್ಸಾಹ ಎನ್ನಲಾಗದು. ಮೊದಲು ಹಳೆಯ ಕೆಲಸದ ಫೋಟೊಗಳನ್ನಷ್ಟೇ ತರಿಸಿ, ಮೂರರಿಂದ ಐದು ಮಂದಿಯನ್ನು ಆರಿಸಿ, ಅವರಿಂದ ಮಾತ್ರ ವಿನ್ಯಾಸ ಮಾಡಿಸಿ, ಗೆದ್ದರೂ ಸೋತರೂ ಅದಕ್ಕೆ ಸಂಭಾವನೆ ಕೊಡಬೇಕು.

ಒಟ್ಟು ಮೊತ್ತವನ್ನು ನೂರು ಪಾಲು ಎಂದಿಟ್ಟುಕೊಳ್ಳಿ. ಕಲಾವಿದರ ಸಂಭಾವನೆ 15ರಿಂದ 20, ಅನಿರೀಕ್ಷಿತ ಖರ್ಚಿಗೆ 10. ಉಳಿದದ್ದು ಸಾಮಗ್ರಿ, ಸಹಾಯಕರ ಕೂಲಿ, ಸಾರುವೆ, ಎಂಜಿನಿಯರ್ ಪರಿಶೀಲನೆ, ಸಾಗಣೆ, ವಿಮೆಗೆ. ಇವನ್ನು ಬಿಡಿಬಿಡಿಯಾಗಿ ಬರೆಯದೆ ಒಂದೇ ಮೊತ್ತ ನಮೂದಿಸಿದರೆ, ಉಕ್ಕಿನ ಬೆಲೆ ಏರಿದಾಗ ಮೊದಲು ಕರಗುವುದು ಸಂಭಾವನೆ. ಷಿಕಾಗೋದಲ್ಲಿ ಅನೀಶ್ ಕಪೂರ್ ಅವರ ‘ಕ್ಲೌಡ್ ಗೇಟ್’ ಶಿಲ್ಪದ ಅಂದಾಜು 60 ಲಕ್ಷ ಡಾಲರ್ ಇದ್ದದ್ದು 2 ಕೋಟಿ 30 ಲಕ್ಷಕ್ಕೆ ಹೋಯಿತು, ತುಂಬಿಕೊಡಲು ದಾನಿಗಳಿದ್ದರು. ಗೋಡೆಚಿತ್ರದವರ ಹೆಚ್ಚುವರಿ ಖರ್ಚು ಅವರ ಮನೆಖರ್ಚಿನಿಂದಲೇ ಹೋಗಬೇಕು. ಕಂತುಗಳನ್ನೂ ನೋಡಿ: ಸಹಿ, ವಿನ್ಯಾಸದ ಒಪ್ಪಿಗೆ, ಸಾಮಗ್ರಿ ಖರೀದಿ, ಅರ್ಧ ಕೆಲಸ, ಹಸ್ತಾಂತರ, ಹೀಗೆ ಹಂತಹಂತವಾಗಿ ಹಣ ಬರಬೇಕು. ಕೊನೆಯ ಕಂತು ‘ಉದ್ಘಾಟನೆಯ ನಂತರ’ ಎಂದಿದ್ದರೆ ಸಹಿ ಹಾಕಬಾರದು. ಗಣ್ಯರ ಬಿಡುವಿಗೂ ಕಲಾವಿದರ ಬಾಡಿಗೆಗೂ ಯಾವ ಸಂಬಂಧ?

ಸುಲಿಯುವ ಬಣ್ಣಕ್ಕೆ ಬರೋಣ. ಬಹುಪಾಲು ಸಲ ತಪ್ಪು ಬಣ್ಣದ್ದಲ್ಲ, ಗೋಡೆಯದು. ಹೊಸ ಸಿಮೆಂಟ್ ಗಾರೆಯಲ್ಲಿ ಕ್ಷಾರ ಹೆಚ್ಚು. ಕನಿಷ್ಠ 28 ದಿನ ಬಿಡದೆ ಬಳಿದರೆ ಬಣ್ಣದ ಹಿಡಿತ ಸಡಿಲವಾಗುತ್ತದೆ. ಹಳೆಯ ಗೋಡೆಯಾದರೆ ಒಳಗಿನ ತೇವ ಹೊರಬರುವಾಗ ಉಪ್ಪನ್ನೂ ಎಳೆದು ತರುತ್ತದೆ. ಬಣ್ಣದ ಅಡಿಯಲ್ಲಿ ಬಿಳಿಪುಡಿ ಕಟ್ಟಿ ಪದರವೇ ಎದ್ದುಬರುತ್ತದೆ. ಪರೀಕ್ಷೆಗೆ ದುಬಾರಿ ಯಂತ್ರ ಬೇಡ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಮುಚ್ಚಿ, ಹದಿನಾರು ಗಂಟೆಯಾದರೂ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದ್ದರೆ ಚಿತ್ರ ಆಮೇಲೆ, ಸೋರಿಕೆಯ ರಿಪೇರಿ ಮೊದಲು. ಅದರ ಖರ್ಚು ಗೋಡೆಯ ಒಡೆಯರದೆಂದು ಕರಾರಿನಲ್ಲಿರಬೇಕು. ಇಲ್ಲದಿದ್ದರೆ ಅದೂ ಕಲಾವಿದರ ತಲೆಗೇ ಬರುತ್ತದೆ.

ಜನರ ಪಾಲಿಗೆ ಒಳ್ಳೆಯ ಮಾದರಿ ಫಿಲಡೆಲ್ಫಿಯಾದ್ದೇ. ಗೋಡೆಗಳ ಮೇಲಿನ ಗೀಚುಬರಹ ತಡೆಯಲೆಂದು 1984ರಲ್ಲಿ ಶುರುವಾದ ಕೆಲಸ ಅಲ್ಲಿ ಗೋಡೆಚಿತ್ರದ ದೊಡ್ಡ ಕಾರ್ಯಕ್ರಮವಾಗಿ ಬೆಳೆಯಿತು. ಅಲ್ಲಿ ಬಳಸುವುದು ನೇಯದೆ ಮಾಡಿದ ತೆಳು ಬಟ್ಟೆ. ವೃತ್ತಿಯವರ ಬಾಯಲ್ಲಿ ‘ಪ್ಯಾರಾಶೂಟ್ ಬಟ್ಟೆ’. ಸುಮಾರು ಐದಡಿ ಚೌಕದ ತುಂಡುಗಳ ಮೇಲೆ ರೇಖೆ ಎಳೆದು, ಪ್ರತಿ ಖಾನೆಗೂ ಬಣ್ಣದ ಸಂಖ್ಯೆ ಬರೆಯುತ್ತಾರೆ. ಮಕ್ಕಳು, ವೃದ್ಧರು, ಸೆರೆಮನೆಯಲ್ಲಿರುವವರು ಕೂಡ ಕುಳಿತಲ್ಲೇ ತುಂಬುತ್ತಾರೆ. ಆಮೇಲೆ ಅಕ್ರಿಲಿಕ್ ಜೆಲ್ ಹಚ್ಚಿ ಗೋಡೆಗೆ ಅಂಟಿಸುವುದು. ಸಾರುವೆ ಹತ್ತಲಾಗದವರಿಗೂ ಕೆಲಸವಿದೆ, ಮಳೆಯಲ್ಲೂ ಅದು ನಿಲ್ಲದು. ಅಂಟಿಸುವಾಗ ಗಾಳಿಗುಳ್ಳೆ ಉಳಿದರೆ, ಅಂಚು ಎದ್ದರೆ ನೀರು ಅಲ್ಲಿಂದಲೇ ನುಗ್ಗುತ್ತದೆ.

ಆದರೂ ಖಾನೆ ತುಂಬಿಸುವುದಷ್ಟೇ ಸಹಭಾಗಿತ್ವವಲ್ಲ. ಮೊದಲ ಸಭೆ ರೇಖಾಚಿತ್ರ ಹುಟ್ಟುವ ಮುಂಚೆ ನಡೆಯಬೇಕು. ಇಲ್ಲದಿದ್ದರೆ ಏನಾಗುತ್ತದೆ ನೋಡಿ. ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ 1981ರಲ್ಲಿ ನಿಂತ ಶಿಲ್ಪಿ ರಿಚರ್ಡ್ ಸೆರಾ ಅವರ ‘ಟಿಲ್ಟೆಡ್ ಆರ್ಕ್’ (ಅದು ನಗರದ್ದಲ್ಲ, ಕೇಂದ್ರ ಸರ್ಕಾರದ ಯೋಜನೆ) 120 ಅಡಿ ಉದ್ದ, 12 ಅಡಿ ಎತ್ತರದ ಉಕ್ಕಿನ ಗೋಡೆ. ದಿನವೂ ಆ ಅಂಗಳ ದಾಟುವ ನೌಕರರು ಸಿಡಿದೆದ್ದರು. ಅದನ್ನು ತೆಗೆಯಬೇಕೇ ಎಂಬ 1985ರ ವಿಚಾರಣೆಯಲ್ಲಿ ಮಾತಾಡಿದ 180 ಮಂದಿಯಲ್ಲಿ 122 ಜನ ಉಳಿಯಲಿ ಎಂದರೂ 1989ರಲ್ಲಿ ಅದನ್ನು ಕತ್ತರಿಸಿ ಸಾಗಿಸಲಾಯಿತು.

ತೆಗೆಯುವ ಮಾತನ್ನೂ ಮೊದಲೇ ಬರೆದಿಡಬೇಕು: 90 ದಿನ ಮುಂಚೆ ಲಿಖಿತ ನೋಟಿಸ್, ಕೃತಿಯನ್ನು ವಾಪಸು ಪಡೆಯಲು ಕಲಾವಿದರಿಗೆ ಮೊದಲ ಹಕ್ಕು. ಕೃತಿಯನ್ನು ವಿರೂಪಗೊಳಿಸಿದರೆ ಪ್ರಶ್ನಿಸುವ ಹಕ್ಕನ್ನು ನಮ್ಮಲ್ಲಿ ಕಲಾವಿದರಿಗೆ ಕೊಡುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಂ. ದೆಹಲಿಯ ವಿಜ್ಞಾನ ಭವನದಿಂದ 1979ರಲ್ಲಿ ಕಿತ್ತುಹಾಕಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪದ ಅಳಿದುಳಿದ ಭಾಗಗಳನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ದೆಹಲಿ ಹೈಕೋರ್ಟ್ ಆದೇಶಿಸಿದ್ದು 2005ರಲ್ಲಿ.

– ಸಂಪಾದಕರು